ಕ್ಯಾನ್ಸರ್ ಚಿಕಿತ್ಸೆಯ ನಡುವೆ ‘ರಕ್ತ ಕಡಿಮೆ’ ಆದರೆ: ಕಾಣುವ ಲಕ್ಷಣದಿಂದ ಕಾಣದ ಕಾರಣದವರೆಗೆ

ನಮ್ಮ ಲ್ಯಾಬಿನ ಕಿಟಕಿಯಲ್ಲಿ ವರದಿ ಕೈಗಿಟ್ಟಾಗ ಹೆಚ್ಚಿನವರ ಕಣ್ಣು ನೇರವಾಗಿ ಹೋಗುವುದು ಮೊದಲ ಸಾಲಿಗೆ. ಹಿಮೋಗ್ಲೋಬಿನ್ 8.1 ಎಂದಿದ್ದರೆ ಎರಡು ಪ್ರಶ್ನೆಗಳು ಬರುತ್ತವೆ: ‘ರಕ್ತ ಹಾಕಿಸಬೇಕೇ?’, ‘ದಾಳಿಂಬೆ ಕೊಟ್ಟರೆ ಏರುತ್ತದೆಯೇ?’ ಯಾಕೆ ಇಳಿಯಿತು ಎಂದು ಕೇಳಿದವರು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು. ಈ ಬರಹ ಆ ಮೂರನೆಯ ಪ್ರಶ್ನೆಗಾಗಿ.

ಮಾಳಿಗೆಯ ಟ್ಯಾಂಕಿನಲ್ಲಿ ನೀರು ನಿಲ್ಲದಿದ್ದರೆ ಎಲ್ಲೋ ಪೈಪು ಸೋರುತ್ತಿರಬಹುದು, ಬೋರ್‌ವೆಲ್ ಬತ್ತಿರಬಹುದು, ಮೋಟಾರು ಕೆಟ್ಟಿರಬಹುದು. ಟ್ಯಾಂಕರ್ ತರಿಸಿದರೆ ಆ ದಿನ ಕಳೆಯುತ್ತದೆ, ಅಷ್ಟೇ. ಕ್ಯಾನ್ಸರ್ ಇರುವವರ ರಕ್ತಹೀನತೆಯೂ ಹಾಗೆಯೇ. ರಕ್ತ ಎಲ್ಲಿಂದಲೋ ಸೋರುತ್ತಿರಬಹುದು. ಕೆಂಪು ಕಣ ಕಟ್ಟಲು ಬೇಕಾದ ಕಬ್ಬಿಣವೋ ಬಿ12 ಜೀವಸತ್ವವೋ ಸಿಗದಿರಬಹುದು. ಕಣಗಳು ಹುಟ್ಟುವ ಮೂಳೆಮಜ್ಜೆ ಕೀಮೋದಿಂದ ಸೊರಗಿರಬಹುದು, ಅಥವಾ ಕ್ಯಾನ್ಸರ್ ಕೋಶಗಳೇ ಅಲ್ಲಿ ಬಿಡಾರ ಹೂಡಿರಬಹುದು. ಹುಟ್ಟಿದ ಕಣಗಳು ಆಯುಸ್ಸು ಮುಗಿಯುವ ಮೊದಲೇ ಒಡೆಯುತ್ತಿರಬಹುದು. ಎಷ್ಟೋ ಸಲ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಇರುತ್ತವೆ.

ಇದು ಅಪರೂಪದ ತೊಂದರೆಯೂ ಅಲ್ಲ. 15,000ಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿ 2004ರಲ್ಲಿ ಪ್ರಕಟವಾದ ಯುರೋಪಿನ ಸಮೀಕ್ಷೆಯಲ್ಲಿ ಶೇ 39ರಷ್ಟು ಮಂದಿಗೆ ಆರಂಭದಲ್ಲೇ ರಕ್ತಹೀನತೆ ಇತ್ತು. ಆರು ತಿಂಗಳ ಗಮನಿಕೆಯಲ್ಲಿ ಒಮ್ಮೆಯಾದರೂ ಅದಕ್ಕೆ ಒಳಗಾದವರು ಶೇ 67. ನಮ್ಮಲ್ಲಿ ಕ್ಯಾನ್ಸರ್ ಬರುವ ಮೊದಲೇ ರಕ್ತ ಕಡಿಮೆ ಇರುವವರು ಬಹಳ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಹಳೆಯ ಕೊರತೆಯ ಮೇಲೆ ಹೊಸ ಕಾಯಿಲೆ ಬಂದು ಕೂತಿರುತ್ತದೆ.

ಓದುವುದನ್ನು ಇಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಬೇಕಾದ ಗುರುತುಗಳು

ಕೂತಲ್ಲೇ ಏದುಸಿರು, ಎದೆನೋವು, ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಬೀಳುವಂತಾಗುವುದು, ಗೊಂದಲದ ಮಾತು. ರಕ್ತ ವಾಂತಿ. ಟಾರಿನಂತೆ ಕಪ್ಪಾಗಿ ಅಂಟುವ ಮಲ. ಒತ್ತಿ ಹಿಡಿದರೂ ನಿಲ್ಲದ ರಕ್ತಸ್ರಾವ. ಕೀಮೋ ನಡೆಯುತ್ತಿರುವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಹೊರಡಿ. ಜ್ವರವನ್ನು ಇಲ್ಲಿ ಸೇರಿಸಲು ಕಾರಣವಿದೆ. ಕೆಂಪು ಕಣ ತಗ್ಗಿಸುವ ಔಷಧಿಯೇ ಬಿಳಿ ಕಣವನ್ನೂ ತಗ್ಗಿಸಿರುತ್ತದೆ. ಆ ಹೊತ್ತಿನ ಸೋಂಕು ಕೆಲವೇ ಗಂಟೆಗಳಲ್ಲಿ ಕೈಮೀರಬಲ್ಲದು.

‘ಹೋದ ವಾರ 10 ಇತ್ತು, ಇವತ್ತು 7.2, ಆದರೆ ರೋಗಿ ಮಾತ್ರ ಹಾಗೆಯೇ ಇದ್ದಾರೆ’

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಇದು: ರೋಗಿಯನ್ನು ಅನುಮಾನಿಸುವ ಮೊದಲು ವರದಿಯನ್ನು ಅನುಮಾನಿಸಿ. ಗ್ಲೂಕೋಸ್ ಅಥವಾ ಸಲೈನ್ ಹರಿಯುತ್ತಿರುವ ಕೈಯಿಂದಲೇ ರಕ್ತ ತೆಗೆದರೆ ಆ ದ್ರವ ಬೆರೆತು ಎಲ್ಲ ಎಣಿಕೆಗಳೂ ತೆಳುವಾಗುತ್ತವೆ. ಔಷಧಿ ಹಾಕಲು ಎದೆಯ ಚರ್ಮದಡಿ ಕೂರಿಸಿದ ಪೋರ್ಟ್‌ನಿಂದ ತೆಗೆಯುವಾಗ ಮೊದಲ ಕೆಲವು ಮಿಲಿಲೀಟರ್ ಚೆಲ್ಲದೆ ಟ್ಯೂಬಿಗೆ ಹಾಕಿದರೂ ಹಾಗೆಯೇ ಆಗುತ್ತದೆ. ಅಂಥ ವರದಿಯಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಅದೇ ಪ್ರಮಾಣದಲ್ಲಿ ಇಳಿದಿರುತ್ತವೆ. ಇದೇ ಅದರ ಸುಳಿವು.

ಮನೆಯಲ್ಲೇ ಮಾಡಬಹುದಾದ ಇನ್ನೊಂದು ಲೆಕ್ಕ: ಹಿಮೋಗ್ಲೋಬಿನ್ ಅಂಕಿಯನ್ನು ಮೂರರಿಂದ ಗುಣಿಸಿದರೆ ಹೆಚ್ಚುಕಡಿಮೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾವಾರು ಪಾಲು) ಬರಬೇಕು. 9 ಇದ್ದರೆ 27ರ ಆಸುಪಾಸು. ಕಬ್ಬಿಣದ ಕೊರತೆಯಿಂದ ಕಣಗಳೇ ಸಣ್ಣದಾಗಿದ್ದರೆ ಈ ಲೆಕ್ಕ ಸ್ವಲ್ಪ ತಪ್ಪುತ್ತದೆ. ಆದರೆ 9ಕ್ಕೆ 19 ಎಂದು ಬಂದಿದ್ದರೆ ಯಂತ್ರಕ್ಕೆ ಏನೋ ಗೊಂದಲವಾಗಿದೆ. ಕೆಲವು ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ರೋಗಿಗಳ ಕೆಂಪು ಕಣಗಳು ತಂಪಿನಲ್ಲಿ ಒಂದಕ್ಕೊಂದು ಅಂಟಿಕೊಂಡು, ಯಂತ್ರವು ಗುಂಪನ್ನೇ ಒಂದು ಕಣವೆಂದು ಎಣಿಸಿಬಿಡುತ್ತದೆ. ನಾವು ಆ ಟ್ಯೂಬನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಚ್ಚಗಿಟ್ಟು ಮತ್ತೆ ಓಡಿಸುತ್ತೇವೆ. ಸಂಶಯ ಬಂದರೆ ‘ಇನ್ನೊಮ್ಮೆ ನೋಡುತ್ತೀರಾ?’ ಎಂದು ಕೇಳಲು ಹಿಂಜರಿಯಬೇಡಿ. ನಿಷ್ಠೆಯಿಂದ ಕೆಲಸ ಮಾಡುವ ಯಾವ ಲ್ಯಾಬಿನವರೂ ಅದಕ್ಕೆ ಬೇಸರಿಸುವುದಿಲ್ಲ.

ಇದರ ತದ್ವಿರುದ್ಧ ಪರಿಸ್ಥಿತಿಯೂ ಇದೆ, ಅದು ಹೆಚ್ಚು ಅಪಾಯಕಾರಿ. ಈಗಷ್ಟೇ ಜೋರಾಗಿ ರಕ್ತ ಹೋಗಿದ್ದರೆ ಆ ಗಳಿಗೆಯ ಹಿಮೋಗ್ಲೋಬಿನ್ ಹಳೆಯದರಷ್ಟೇ ಇರುತ್ತದೆ. ಉಳಿದ ರಕ್ತಕ್ಕೆ ನೀರಿನಂಶ ಸೇರಿ ಅಂಕಿ ಇಳಿಯಲು ಹಲವು ಗಂಟೆಗಳು ಬೇಕು. ರಕ್ತ ವಾಂತಿಯಾದ ದಿನ ‘11 ಇದೆ, ಪರವಾಗಿಲ್ಲ’ ಎಂದು ಮನೆಗೆ ಮರಳಬೇಡಿ.

ಸುಸ್ತು, ಏದುಸಿರು, ಎದೆ ಡವಗುಟ್ಟುವುದು

ರಕ್ತ ಕಡಿಮೆಯಾದವರು ಮೊದಲು ಹೇಳುವುದು ಮೆಟ್ಟಿಲಿನ ಮಾತು. ‘ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದೆ, ಈಗ ಮಧ್ಯದಲ್ಲಿ ನಿಲ್ಲಬೇಕು’ ಎನ್ನುತ್ತಾರೆ. ಬೆಳಕಿಗೆ ಕರೆದುಕೊಂಡು ಹೋಗಿ ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಪೊರೆ ನೋಡಿ. ಅದರ ಅಂಚು ಕೆಂಪಾಗಿ ಕಾಣಬೇಕು; ಬಿಳಿಚಿಕೊಂಡಿದ್ದರೆ, ಅಂಗೈಯ ಗೆರೆಗಳೂ ಬಣ್ಣ ಕಳೆದುಕೊಂಡಿದ್ದರೆ, ರಕ್ತಹೀನತೆ ಗಣನೀಯವಾಗಿಯೇ ಇದೆ. ಮುಖದ ಬಣ್ಣವನ್ನು ನಂಬಬೇಡಿ. ಕೂತಿದ್ದಾಗಲೂ ನಾಡಿ ನಿಮಿಷಕ್ಕೆ 100 ದಾಟಿದ್ದರೆ ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿ.

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಬಹಳ ಮನೆಗಳಲ್ಲಿದೆ. ಅದನ್ನು ಬೆರಳಿಗೆ ಹಾಕಿ ‘98 ಇದೆ, ಉಸಿರಿಗೇನೂ ಆಗಿಲ್ಲ’ ಎಂದು ಸಮಾಧಾನ ಪಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಯಂತ್ರ ಹೇಳುವುದು ಇರುವ ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಆಮ್ಲಜನಕ ಹೊತ್ತಿದೆ ಎಂಬುದನ್ನು ಮಾತ್ರ. ಊರಿಗೆ ಹತ್ತು ಬಸ್ ಬೇಕಾದಲ್ಲಿ ಐದೇ ಓಡುತ್ತಿದ್ದು, ಐದೂ ಭರ್ತಿಯಾಗಿದ್ದರೆ ಯಂತ್ರದ ಪ್ರಕಾರ ಎಲ್ಲವೂ ಸರಿ. ಹಿಮೋಗ್ಲೋಬಿನ್ 6 ಇರುವವರ ಬೆರಳಿನಲ್ಲೂ 98 ತೋರಿಸುತ್ತದೆ.

ಈ ಯಂತ್ರ ಇನ್ನೊಂದು ಕಡೆಯಿಂದ ಉಪಯೋಗಕ್ಕೆ ಬರುತ್ತದೆ. ಏದುಸಿರಿನ ಜೊತೆ ಅದು ತೋರಿಸುವ ಅಂಕಿ, ಅಂದರೆ ಸ್ಯಾಚುರೇಷನ್, 94ಕ್ಕಿಂತ ಕೆಳಗಿದ್ದರೆ ಕಾರಣ ಬರೀ ರಕ್ತಹೀನತೆಯಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರಬಹುದು (ಕ್ಯಾನ್ಸರ್ ಇರುವವರಿಗೆ ಈ ಅಪಾಯ ಹೆಚ್ಚು), ಎದೆಗೂಡಿನಲ್ಲಿ ನೀರು ತುಂಬಿರಬಹುದು, ನ್ಯುಮೋನಿಯಾ ಇರಬಹುದು. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದೇ ದಿನ ತೋರಿಸಿ. ಡಾಕ್ಸೊರುಬಿಸಿನ್ ಅಥವಾ ಟ್ರಾಸ್ಟುಜುಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ ಪಡೆದವರಲ್ಲಿ ಹೃದಯವೇ ದುರ್ಬಲವಾಗಿರಬಹುದು. ಮಲಗಿದರೆ ಉಸಿರು ಕಟ್ಟಿ, ದಿಂಬು ಏರಿಸಿದರೆ ಸರಿಹೋಗುವುದು ಅದರ ಗುರುತು.

ಹಿಮೋಗ್ಲೋಬಿನ್ 11 ಇದ್ದರೂ ಏಳಲಾಗದ ಸುಸ್ತು ಇದ್ದರೆ ರಕ್ತದ ಬೆನ್ನು ಹತ್ತುವುದನ್ನು ಬಿಟ್ಟು ಥೈರಾಯ್ಡ್ ಪರೀಕ್ಷೆ ಕೇಳಿ. ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ, ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ) ಪಡೆದವರಲ್ಲಿ ಥೈರಾಯ್ಡ್ ಸೊರಗುವುದು ಸಾಮಾನ್ಯ. ನಿದ್ದೆ, ನೋವು, ಮನಸ್ಸಿನ ಕುಗ್ಗುವಿಕೆ ಕೂಡ ಇದೇ ಸುಸ್ತನ್ನು ತರುತ್ತವೆ.

ಮಲದ ಬಣ್ಣ ಬದಲಾಗಿದೆ

ಸೋರಿಕೆ ಹುಡುಕುವ ಜಾಗ ಇದು. ಕಬ್ಬಿಣದ ಮಾತ್ರೆ ನುಂಗುವವರ ಮಲ ಕಪ್ಪು-ಹಸಿರಾಗುತ್ತದೆ, ಆದರೆ ಗಟ್ಟಿಯಾಗಿಯೇ ಇರುತ್ತದೆ. ಜಠರದಲ್ಲಿ ರಕ್ತ ಸೋರಿದ್ದರೆ ಮಲ ಡಾಂಬರಿನಂತೆ ಹೊಳೆದು, ನೀರು ಸುರಿದರೂ ಬಿಡದೆ ಅಂಟಿಕೊಳ್ಳುತ್ತದೆ. ಒಮ್ಮೆ ಮೂಗಿಗೆ ಬಡಿದರೆ ಮರೆಯಲಾಗದ ದುರ್ವಾಸನೆ ಇರುತ್ತದೆ. ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದರೆ ಕೆಂಪು ಬಣ್ಣಕ್ಕೆ ಹೆದರಬೇಕಿಲ್ಲ.

ಮನೆಯಲ್ಲಿ ಮೊದಲು ನೋಡಬೇಕಾದದ್ದು ಔಷಧಿಯ ಡಬ್ಬ. ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜಠರವನ್ನು ಕೊರೆಯುತ್ತವೆ. ಕೀಮೋ ಜೊತೆ ಕೊಡುವ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಸೇರಿದರೆ ಹುಣ್ಣಾಗುವ ಅಪಾಯ ಮತ್ತಷ್ಟು ಹೆಚ್ಚು. ನೋವಿನ ಮಾತ್ರೆಯನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಆದರೆ ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಔಷಧಿಯನ್ನು ಕೇಳದೆ ನೀವೇ ನಿಲ್ಲಿಸಬೇಡಿ.

ಕಣ್ಣಿಗೆ ಕಾಣದ ಸೋರಿಕೆಯೂ ಇದೆ. ದೊಡ್ಡ ಕರುಳಿನ ಬಲಭಾಗದ ಕ್ಯಾನ್ಸರ್ ಗಂತಿ (ಗಡ್ಡೆ) ದಿನಕ್ಕೆ ಸ್ವಲ್ಪ ಸ್ವಲ್ಪವೇ ರಕ್ತ ಸುರಿಸುತ್ತದೆ. ಮಲ ಎಂದಿನಂತೆಯೇ ಇರುತ್ತದೆ, ನೋವೂ ಇರುವುದಿಲ್ಲ. ಎಷ್ಟೋ ಜನರಿಗೆ ಆ ಕ್ಯಾನ್ಸರಿನ ಮೊದಲ ಲಕ್ಷಣವೇ ರಕ್ತಹೀನತೆ. ಆದ್ದರಿಂದ ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಟಾನಿಕ್ ಕೊಟ್ಟು ಕಳುಹಿಸುವುದು ತಪ್ಪು. ಜಠರ, ಕರುಳು ಎರಡರ ಎಂಡೋಸ್ಕೋಪಿಯನ್ನೂ ಮಾಡಿಸಬೇಕು. ಹಾಗೆಯೇ ಮುಟ್ಟು ನಿಂತು ವರ್ಷಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು. ಗರ್ಭಕಂಠದ ಕ್ಯಾನ್ಸರಿನಲ್ಲಿ ಸಂಕೋಚದಿಂದ ತಿಂಗಳುಗಟ್ಟಲೆ ಬಟ್ಟೆ ಇಟ್ಟುಕೊಂಡು ಸುಮ್ಮನಿದ್ದು, ಹಿಮೋಗ್ಲೋಬಿನ್ 5ಕ್ಕೆ ಇಳಿದ ಮೇಲೆ ಬರುವ ತಾಯಂದಿರನ್ನು ಕಂಡಿದ್ದೇನೆ.

ಹಸಿ ಅಕ್ಕಿ, ಬಳಪ, ಐಸ್ ತಿನ್ನುವ ಚಪಲ. ವರದಿಯಲ್ಲಿ ಎಂಸಿವಿ 80ಕ್ಕಿಂತ ಕಡಿಮೆ

ಮೊರದಲ್ಲಿ ಅಕ್ಕಿ ಆರಿಸುತ್ತಾ ಹಿಡಿ ಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುವುದು, ಫ್ರಿಜ್ಜಿನ ಐಸ್ ಕಡಿಯುವುದು ಕೆಟ್ಟ ಚಟಗಳಲ್ಲ, ಕಬ್ಬಿಣದ ಕೊರತೆಯ ಕೂಗು. ಉಗುರು ಚಮಚದಂತೆ ಗುಳಿ ಬೀಳುವುದು, ತುಟಿಯ ಅಂಚು ಬಿರಿಯುವುದು ಜೊತೆಗಿರಬಹುದು.

ವರದಿಯಲ್ಲಿ ಎಂಸಿವಿ ಎಂದರೆ ಕೆಂಪು ಕಣದ ಸರಾಸರಿ ಗಾತ್ರ. ಸಾಮಾನ್ಯವಾಗಿ 80ರಿಂದ 100. ಕಡಿಮೆ ಇದ್ದರೆ ಕಣಗಳು ಸಣ್ಣ. ಇಲ್ಲಿ ಒಂದು ಲೆಕ್ಕ ಮಾಡಿ: ಎಂಸಿವಿಯನ್ನು ಕೆಂಪು ಕಣಗಳ ಎಣಿಕೆಯಿಂದ ಭಾಗಿಸಿ. ಎಂಸಿವಿ 65 ಇದ್ದು ಎಣಿಕೆ 5.8 ಇದ್ದರೆ ಸುಮಾರು 11 ಬರುತ್ತದೆ. 13ಕ್ಕಿಂತ ಕಡಿಮೆ ಬಂದರೆ ಹುಟ್ಟಿನಿಂದಲೇ ಇರುವ ಥಲಸ್ಸೀಮಿಯಾ ವಾಹಕ ಸ್ಥಿತಿಯ (ಹಿಮೋಗ್ಲೋಬಿನ್ ಕಟ್ಟುವುದರಲ್ಲಿ ವಂಶವಾಹಿಯಿಂದ ಬಂದ ದೋಷ) ಸಂಶಯ ಬರುತ್ತದೆ. ಅಂಥವರಿಗೆ ಕೊರತೆ ಖಚಿತವಾಗದೆ ಕಬ್ಬಿಣ ಕೊಟ್ಟು ಫಲವಿಲ್ಲ. ಇದು ಸುಳಿವು ಮಾತ್ರ. ಖಚಿತಪಡಿಸಲು ಬೇರೆ ಪರೀಕ್ಷೆ ಇದೆ.

ಮುಂದಿನ ಹೆಜ್ಜೆ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್. ಹೆಚ್ಚು ಜನ ಎಡವುವುದು ಇಲ್ಲೇ. ಫೆರಿಟಿನ್ ದೇಹದ ಕಬ್ಬಿಣದ ಉಗ್ರಾಣ ಎಷ್ಟು ತುಂಬಿದೆ ಎಂದು ತೋರಿಸುತ್ತದೆ; ಎರಡನೆಯದು ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಶೇಕಡಾ ಎಷ್ಟು ಭರ್ತಿಯಾಗಿದೆ ಎಂದು. ಆರೋಗ್ಯವಂತರಲ್ಲಿ ಫೆರಿಟಿನ್ 30ಕ್ಕಿಂತ ಕಡಿಮೆ ಇದ್ದರೆ ಉಗ್ರಾಣ ಖಾಲಿ. ಆದರೆ ಕ್ಯಾನ್ಸರ್, ಸೋಂಕು, ಉರಿಯೂತ ಇದ್ದಾಗ ಅದೇ ಅಂಕಿ ಸುಮ್ಮನೆ ಏರುತ್ತದೆ. ಹಾಗಾಗಿ ಕ್ಯಾನ್ಸರ್ ರೋಗಿಗಳಲ್ಲಿ 100ಕ್ಕಿಂತ ಕಡಿಮೆ ಇದ್ದರೂ ಕೊರತೆ ಎಂದೇ ಎಣಿಸುತ್ತಾರೆ. ಫೆರಿಟಿನ್ 400 ಇದ್ದು, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಶೇ 20ಕ್ಕಿಂತ ಕೆಳಗಿದ್ದರೆ? ಉಗ್ರಾಣದಲ್ಲಿ ಧಾನ್ಯವಿದೆ, ಬಾಗಿಲಿಗೆ ಬೀಗ ಬಿದ್ದಿದೆ. ಬೀಗ ಹಾಕುವುದು ಯಕೃತ್ತು ಸ್ರವಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು. ಉರಿಯೂತ ಇದ್ದಷ್ಟು ದಿನ ಅದು ಕರುಳಿನಿಂದ ಕಬ್ಬಿಣ ರಕ್ತಕ್ಕೆ ಸೇರುವುದನ್ನೂ, ಉಗ್ರಾಣದಿಂದ ಹೊರಬರುವುದನ್ನೂ ತಡೆಯುತ್ತದೆ. ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಕದಲದಿರುವುದು ಈ ಕಾರಣಕ್ಕೆ. ಆಗ ವೈದ್ಯರು ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಬಗ್ಗೆ ಯೋಚಿಸುತ್ತಾರೆ. ಜ್ವರ, ಸೋಂಕು ಇರುವಾಗ ಅದನ್ನು ಕೊಡುವುದಿಲ್ಲ.

ಮಾತ್ರೆ ಶುರು ಮಾಡಿದವರು ಅದನ್ನು ಕಾಫಿ, ಚಹಾ, ಹಾಲು, ಕ್ಯಾಲ್ಸಿಯಂ ಜೊತೆ ನುಂಗಬೇಡಿ; ಎರಡು ಗಂಟೆಯ ಅಂತರವಿರಲಿ. ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಯೂ ಕಬ್ಬಿಣದ ಹೀರಿಕೆಗೆ ಅಡ್ಡಿ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಮಲಬದ್ಧತೆ, ಹೊಟ್ಟೆ ಉರಿ ತಡೆಯಲಾಗದಿದ್ದರೆ ದಿನ ಬಿಟ್ಟು ದಿನ ನುಂಗಬಹುದೇ ಎಂದು ಕೇಳಿ; ಬಹಳ ಮಂದಿಗೆ ಅದು ಹೊಂದುತ್ತದೆ.

ದಾಳಿಂಬೆಯ ಮಾತಿಗೆ ಬರೋಣ. ಅದರ ಕೆಂಪು ಕಬ್ಬಿಣದ್ದಲ್ಲ, ಸಸ್ಯವರ್ಣದ್ದು. ಕಬ್ಬಿಣ ತೀರಾ ಕಡಿಮೆ. ಬಾಯಿಗೆ ರುಚಿಸಿದರೆ ಧಾರಾಳವಾಗಿ ಕೊಡಿ, ಆದರೆ ರಕ್ತ ಏರಿಸುವ ಔಷಧಿಯೆಂದು ದುಬಾರಿ ಬೆಲೆ ತೆತ್ತು ತರಬೇಡಿ. ಮಾಂಸಾಹಾರಿಗಳಿಗೆ ಮಟನ್, ಲಿವರ್; ಸಸ್ಯಾಹಾರಿಗಳಿಗೆ ಮೊಳಕೆ ಕಟ್ಟಿದ ಹುರುಳಿ, ಹೆಸರುಕಾಳನ್ನು ಚೆನ್ನಾಗಿ ಬೇಯಿಸಿ ನಿಂಬೆರಸ ಹಿಂಡಿ ಕೊಡಿ. ‘ರಕ್ತ ಹೆಚ್ಚಿಸುವ’ ಹೆಸರಿಲ್ಲದ ಪುಡಿ, ಲೇಹ್ಯಗಳನ್ನು ಕೀಮೋ ನಡೆಯುವಾಗ ವೈದ್ಯರಿಗೆ ತೋರಿಸದೆ ಬಾಯಿಗೆ ಹಾಕಬೇಡಿ.

ಪಾದ ಜುಮ್ಮೆನ್ನುತ್ತದೆ, ನಾಲಿಗೆ ನುಣುಪಾಗಿದೆ. ಎಂಸಿವಿ 100 ದಾಟಿದೆ

ಇದನ್ನು ಬರೆಯುವಾಗ ನನ್ನ ಸೋದರತ್ತೆ ಕಣ್ಣ ಮುಂದೆ ಬರುತ್ತಾರೆ. ಜಠರದ ಕ್ಯಾನ್ಸರಿಗೆ ಇಡೀ ಜಠರ ತೆಗೆದಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು, ಗಂತಿ ಮರಳಲಿಲ್ಲ, ಮನೆಯವರೆಲ್ಲ ಗೆದ್ದೆವೆಂದುಕೊಂಡೆವು. ನಾಲ್ಕನೆಯ ವರ್ಷ ಅತ್ತೆ ಬಚ್ಚಲಿಗೆ ಹೋಗುವಾಗ ಒಂದು ಕಾಲಿನ ಚಪ್ಪಲಿ ಅಂಗಳದಲ್ಲೇ ಉಳಿಯುತ್ತಿತ್ತು. ಅದು ಕಳಚಿದ್ದು ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಕತ್ತಲಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದರು. ಹತ್ತಿರದ ಕ್ಲಿನಿಕ್ಕಿನಲ್ಲಿ ‘ವಯಸ್ಸಾಯಿತು, ರಕ್ತ ಕಡಿಮೆ’ ಎಂದು ತಿಂಗಳುಗಟ್ಟಲೆ ಕಬ್ಬಿಣದ ಟಾನಿಕ್ ಕೊಟ್ಟರು. ಹಬ್ಬಕ್ಕೆ ಹೋದಾಗ ನಾನೇ ರಕ್ತ ತೆಗೆದುಕೊಂಡು ಬಂದೆ. ಎಂಸಿವಿ 121. ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೆಂಪು ಕಣಗಳು ಕೋಳಿಮೊಟ್ಟೆಯಂತೆ ಉದ್ದುದ್ದ ಊದಿದ್ದವು. ಬಿಳಿ ಕಣಗಳ ಕೇಂದ್ರ ಮೂರು ನಾಲ್ಕು ಹಾಲೆಯ ಬದಲು ಆರಾರು ಹಾಲೆಗಳಾಗಿ ಒಡೆದಿತ್ತು. ಬಿ12 ಇಲ್ಲದ ರಕ್ತದ ಸಹಿ ಅದು.

ಬಿ12 ಹೀರಿಕೆಗೆ ಜಠರದ ಗೋಡೆ ಸ್ರವಿಸುವ ಒಂದು ಪ್ರೋಟೀನು ಬೇಕೇ ಬೇಕು. ಜಠರವೇ ಇಲ್ಲದಿದ್ದರೆ ಅದೂ ಇಲ್ಲ. ಯಕೃತ್ತಿನಲ್ಲಿ ಕೂಡಿಟ್ಟದ್ದು ಕೆಲವು ವರ್ಷ ಸಾಲುತ್ತದೆ, ಹಾಗಾಗಿ ತೊಂದರೆ ಕಾಣುವ ಹೊತ್ತಿಗೆ ಶಸ್ತ್ರಚಿಕಿತ್ಸೆ ಮರೆತೇ ಹೋಗಿರುತ್ತದೆ. ಜಠರ ತೆಗೆಸಿಕೊಂಡವರಿಗೆ ಬಿ12 ಜೀವನಪೂರ್ತಿ ಬೇಕು, ಸಾಮಾನ್ಯವಾಗಿ ಇಂಜೆಕ್ಷನ್ ರೂಪದಲ್ಲಿ. ಸಣ್ಣ ಕರುಳಿನ ಕೊನೆಯ ಭಾಗ ತೆಗೆದವರು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅಥವಾ ಪ್ಯಾಂಟೊಪ್ರಜೋಲ್ ನುಂಗಿದವರು, ಕಟ್ಟಾ ಸಸ್ಯಾಹಾರಿಗಳು ಕೂಡ ಇದನ್ನು ಪರೀಕ್ಷಿಸಿಕೊಳ್ಳಬೇಕು.

ಒಂದು ಎಚ್ಚರ. ಬಿ12 ನೋಡದೆ ಬರೀ ಫೋಲಿಕ್ ಆಮ್ಲದ ಮಾತ್ರೆ ಕೊಟ್ಟರೆ ಹಿಮೋಗ್ಲೋಬಿನ್ ಏರಿಬಿಡಬಹುದು, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಅತ್ತೆಗೆ ಇಂಜೆಕ್ಷನ್ ಶುರುವಾದ ಒಂದು ವಾರದಲ್ಲಿ ಹೊಸ ಕಣಗಳು, ಅಂದರೆ ರೆಟಿಕ್ಯುಲೊಸೈಟ್‌ಗಳು, ಹಿಂಡುಹಿಂಡಾಗಿ ಬಂದವು. ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ ಸರಿಹೋಯಿತು. ಪಾದದ ಸ್ಪರ್ಶ ಮಾತ್ರ ಪೂರ್ತಿ ಮರಳಲಿಲ್ಲ.

ಎಂಸಿವಿ ಏರಿದ್ದೆಲ್ಲ ಕೊರತೆಯೂ ಅಲ್ಲ. ಕ್ಯಾಪೆಸಿಟಾಬಿನ್, ಹೈಡ್ರಾಕ್ಸಿಯೂರಿಯಾ, ಮೆಥೊಟ್ರೆಕ್ಸೇಟ್ ಪಡೆಯುವವರಲ್ಲಿ ಔಷಧಿಯಿಂದಲೇ ಕಣಗಳು ದೊಡ್ಡದಾಗುತ್ತವೆ. ಪಾದದ ಜುಮ್ಮು ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್‌ನಿಂದಲೂ ಬರುತ್ತದೆ. ಹಾಗಾಗಿ ಔಷಧಿಯ ಚೀಟಿ ಕೈಯಲ್ಲಿಟ್ಟುಕೊಂಡೇ ವರದಿ ಓದಬೇಕು. ಮೆಥೊಟ್ರೆಕ್ಸೇಟ್ ಪಡೆಯುವವರು ಫೋಲಿಕ್ ಆಮ್ಲವನ್ನು ಸ್ವಂತ ಬುದ್ಧಿಯಿಂದ ಶುರು ಮಾಡಬಾರದು. ಪೆಮೆಟ್ರೆಕ್ಸೆಡ್ ಪಡೆಯುವವರು ವೈದ್ಯರು ಬರೆದ ಫೋಲಿಕ್ ಆಮ್ಲ, ಬಿ12ಗಳನ್ನು ತಪ್ಪಿಸಬಾರದು.

ಕಣ್ಣು ಹಳದಿ, ಮೂತ್ರ ಚಹಾ ಡಿಕಾಕ್ಷನ್ ಬಣ್ಣ

ಮೊದಲು ಸುಲಭದ್ದನ್ನು ಬದಿಗಿಡಿ: ಡಾಕ್ಸೊರುಬಿಸಿನ್, ಎಪಿರುಬಿಸಿನ್ ಹಾಕಿದ ಒಂದೆರಡು ದಿನ ಮೂತ್ರ ಕೆಂಪಾಗುವುದು ಔಷಧಿಯ ಬಣ್ಣದಿಂದ. ಅದರ ನಂತರವೂ ಕಡುಬಣ್ಣ ಉಳಿದು, ಕಣ್ಣು ಹಳದಿಯಾಗಿ, ಒಂದೆರಡು ದಿನದಲ್ಲೇ ಸುಸ್ತು ಹೆಚ್ಚಿದರೆ ಕಣಗಳು ರಕ್ತದಲ್ಲೇ ಒಡೆಯುತ್ತಿರಬಹುದು. ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಿ. ಪಿತ್ತನಾಳ ಕಟ್ಟಿಕೊಂಡರೂ ಕಣ್ಣು ಹಳದಿಯಾಗುತ್ತದೆ, ಆಗ ಮಲ ಸುಣ್ಣದಂತೆ ಬಿಳಿಚಿರುತ್ತದೆ.

ಆಸ್ಪತ್ರೆಯಲ್ಲಿ ಕಣಗಳು ಒಡೆಯುತ್ತಿವೆಯೇ ಎಂದು ತಿಳಿಯಲು ರೆಟಿಕ್ಯುಲೊಸೈಟ್ ಎಣಿಕೆ, ಬಿಲಿರುಬಿನ್, ಎಲ್‌ಡಿಎಚ್, ಹ್ಯಾಪ್ಟೊಗ್ಲೋಬಿನ್, ಕೂಂಬ್ಸ್ ಪರೀಕ್ಷೆ ಮಾಡುತ್ತಾರೆ. ಎಲ್‌ಡಿಎಚ್ ಒಂದನ್ನೇ ನೋಡಿ ತೀರ್ಮಾನಿಸಲಾಗದು, ಲಿಂಫೋಮಾದಲ್ಲಿ ಅದು ಹೇಗೂ ಏರಿರುತ್ತದೆ. ಲಿಂಫೋಮಾ ಮತ್ತು ದೀರ್ಘಕಾಲಿಕ ಲಿಂಫೊಸೈಟಿಕ್ ಲ್ಯುಕೇಮಿಯಾದಲ್ಲಿ (ಒಂದು ಬಗೆಯ ರಕ್ತದ ಕ್ಯಾನ್ಸರ್) ದೇಹವೇ ತನ್ನ ಕೆಂಪು ಕಣಗಳ ಮೇಲೆ ಪ್ರತಿಕಾಯ ಹೂಡುವುದುಂಟು. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿ ಪಡೆದವರಲ್ಲೂ ಅಪರೂಪವಾಗಿ ಹೀಗಾಗುತ್ತದೆ. ಜಿ6ಪಿಡಿ ಕಿಣ್ವದ ಕೊರತೆ ಇದ್ದವರಿಗೆ ರ‍್ಯಾಸ್‌ಬ್ಯುರಿಕೇಸ್, ಡ್ಯಾಪ್ಸೋನ್ ಎಂಬ ಔಷಧಿಗಳನ್ನು ಕೊಟ್ಟರೆ ಕಣಗಳು ಒಡೆಯುತ್ತವೆ. ಮನೆಯಲ್ಲಿ ಯಾರಿಗಾದರೂ ಈ ಕೊರತೆ ಇದ್ದರೆ ಚಿಕಿತ್ಸೆಗೆ ಮೊದಲೇ ಹೇಳಿ.

ಸ್ಮಿಯರಿನಲ್ಲಿ (ಗಾಜಿನ ಪಟ್ಟಿಯ ಮೇಲೆ ಸವರಿದ ರಕ್ತದಲ್ಲಿ) ಕೆಂಪು ಕಣಗಳು ಕತ್ತರಿಸಿದ ಹೆಲ್ಮೆಟ್ಟಿನಂತೆ ತುಂಡುತುಂಡಾಗಿ ಕಂಡು, ಪ್ಲೇಟ್‌ಲೆಟ್ ಇಳಿದು, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಅಳೆಯುವ ಅಂಕಿ) ಏರಿದ್ದರೆ ನಾವು ವರದಿ ಮುದ್ರಣವಾಗುವವರೆಗೆ ಕಾಯುವುದಿಲ್ಲ, ವಾರ್ಡಿಗೆ ಫೋನ್ ಮಾಡುತ್ತೇವೆ. ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿ ಕಣಗಳು ಸೀಳುತ್ತಿರುವ ಗುರುತು ಅದು. ಜೆಮ್‌ಸಿಟಾಬಿನ್, ಮೈಟೊಮೈಸಿನ್ ಎಂಬ ಕೀಮೋ ಔಷಧಿಗಳೂ ಅದಕ್ಕೆ ಕಾರಣವಾಗಬಲ್ಲವು.

ಪ್ರತಿ ಕೀಮೋಗೂ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ

ಎಲ್ಲಕ್ಕಿಂತ ಸಾಮಾನ್ಯ ಚಿತ್ರ ಇದು. ಬಿಳಿ ಕಣಗಳು ಕೀಮೋ ಆದ 7ರಿಂದ 14 ದಿನಗಳಲ್ಲಿ ತಳ ಮುಟ್ಟಿ ಏಳುತ್ತವೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ, ಆದ್ದರಿಂದ ಹೊಸದು ಹುಟ್ಟದಿದ್ದರೂ ಕೊರತೆ ನಿಧಾನವಾಗಿ ತೋರುತ್ತದೆ: 11.5, 10.6, 9.8. ಇಂಥ ಮೆಲ್ಲನೆಯ ಇಳಿತ ನಿರೀಕ್ಷಿತ. ಇಲ್ಲಿ ನೆನಪಿಡಬೇಕಾದ ಒಂದೇ ಮಾತು: ಒಂದೇ ಸುತ್ತಿನಲ್ಲಿ ಎರಡು ಮೂರು ಅಂಕ ಕುಸಿದರೆ ಅದನ್ನು ಕೀಮೋ ತಲೆಗೆ ಕಟ್ಟಬೇಡಿ, ಸೋರಿಕೆಯನ್ನೋ ಒಡೆತವನ್ನೋ ಹುಡುಕಿಸಿ.

ಸಿಸ್‌ಪ್ಲಾಟಿನ್ ಪಡೆದವರಲ್ಲಿ ಮೂತ್ರಪಿಂಡ ಸೊರಗಿ, ಕೆಂಪು ಕಣ ಹುಟ್ಟಿಸಲು ಆಜ್ಞೆ ಕೊಡುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ಕಡಿಮೆಯಾಗಿರಬಹುದು. ಆ ಹಾರ್ಮೋನಿನ ಇಂಜೆಕ್ಷನ್ ಅಂಗಡಿಯಲ್ಲಿ ಸಿಗುತ್ತದೆ. ‘ರಕ್ತ ಹಾಕಿಸುವ ಬದಲು ಅದನ್ನೇ ಕೊಡಿಸೋಣ’ ಎನ್ನುವ ಮೊದಲು ತಿಳಿದಿರಲಿ: ರಕ್ತ ಹೆಪ್ಪುಗಟ್ಟುವ, ಕೆಲವು ಕ್ಯಾನ್ಸರ್‌ಗಳಲ್ಲಿ ಗಂತಿ ಬೆಳೆಯುವ, ಬದುಕುಳಿಯುವ ಅವಧಿ ತಗ್ಗುವ ಅಪಾಯಕ್ಕಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಅದರ ಮೇಲೆ ಅತ್ಯಂತ ಕಠಿಣ ಎಚ್ಚರಿಕೆ ಹಾಕಿತು. ಪೂರ್ಣ ಗುಣಪಡಿಸುವ ಗುರಿಯ ಕೀಮೋ ನಡೆಯುವವರಿಗೆ ಅದನ್ನು ಕೊಡುವುದಿಲ್ಲ. ಉಳಿದವರಲ್ಲೂ ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇದ್ದಾಗ ಮಾತ್ರ, ಅಪಾಯಗಳನ್ನು ಚರ್ಚಿಸಿ ಬಳಸುತ್ತಾರೆ.

ಮೂಳೆ ನೋವು, ಚರ್ಮದ ಮೇಲೆ ಸೂಜಿಮೊನೆಯ ಕೆಂಪು ಚುಕ್ಕೆಗಳು. ಮೂರೂ ಎಣಿಕೆ ಕಡಿಮೆ

ಕೀಮೋ ಆಗಿ ವಾರಗಳು ಕಳೆದರೂ ಕೆಂಪು, ಬಿಳಿ, ಪ್ಲೇಟ್‌ಲೆಟ್ ಮೂರೂ ಏಳದಿದ್ದರೆ ಕಣ ಹುಟ್ಟುವ ಮಜ್ಜೆಯನ್ನೇ ನೋಡಬೇಕಾಗುತ್ತದೆ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶದ ಕ್ಯಾನ್ಸರ್ ಮೂಳೆಗೆ ಹಬ್ಬಿದಾಗ ಸ್ಮಿಯರಿನಲ್ಲಿ ಕಣ್ಣೀರ ಹನಿಯ ಆಕಾರದ ಕಣಗಳು, ಇನ್ನೂ ಮಜ್ಜೆಯಲ್ಲೇ ಇರಬೇಕಾಗಿದ್ದ ಎಳೆಯ ಕೆಂಪು ಕಣಗಳು ಹೊರಗೆ ಬಂದಿರುತ್ತವೆ. ಕಣಗಳು ನಾಣ್ಯ ಪೇರಿಸಿಟ್ಟಂತೆ ಸಾಲುಗಟ್ಟಿ, ಬೆನ್ನುನೋವೂ ಇದ್ದರೆ ಮಲ್ಟಿಪಲ್ ಮೈಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರಿನ ಸಂಶಯ ಬರುತ್ತದೆ. ಖಚಿತಪಡಿಸಲು ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ಮಾಡುವ ಪರೀಕ್ಷೆ ಅದು, ಹೆದರಿ ಮುಂದೂಡಬೇಡಿ. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿಹೋಗುತ್ತಿರಬಹುದು, ಅದು ತುರ್ತು.

ಹಿಮೋಗ್ಲೋಬಿನ್ 17, 18 ಬಂದಿದೆ

ಹೆಚ್ಚಿದ್ದರೆ ಒಳ್ಳೆಯದೆಂದು ಸುಮ್ಮನಾಗಬೇಡಿ. ವಾಂತಿ ಭೇದಿಯಿಂದ ನೀರಿನಂಶ ಕಡಿಮೆಯಾಗಿರಬಹುದು. ನೀರು ಕುಡಿಸಿ ಮರುಪರೀಕ್ಷೆ ಮಾಡಿಸಿ. ಆದರೂ ಇಳಿಯದಿದ್ದರೆ ಮೂತ್ರಪಿಂಡ ಅಥವಾ ಯಕೃತ್ತಿನ ಗಂತಿ ಎರಿಥ್ರೊಪೊಯೆಟಿನ್ ಸ್ರವಿಸುತ್ತಿರಬಹುದು. ಬಿಸಿನೀರ ಸ್ನಾನದ ನಂತರ ಮೈಯೆಲ್ಲ ತುರಿಕೆ ಇದ್ದರೆ ಪಾಲಿಸೈಥೀಮಿಯಾ ವೆರಾ ಎಂಬ ರಕ್ತದ ಕ್ಯಾನ್ಸರಿಗಾಗಿ ಜಾಕ್2 ಎಂಬ ಜೀನ್ ಪರೀಕ್ಷೆ ಮಾಡಿಸುತ್ತಾರೆ. ಗಟ್ಟಿಯಾದ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ತರಬಲ್ಲದು.

ರಕ್ತ ಹಾಕಿಸುವಾಗ, ಹಾಕಿಸಿದ ಮೇಲೂ ಇಳಿದಾಗ

ಸಾಮಾನ್ಯವಾಗಿ ಹಿಮೋಗ್ಲೋಬಿನ್ 7 ಅಥವಾ 8ಕ್ಕಿಂತ ಕೆಳಗಿಳಿದರೆ ರಕ್ತ ಹಾಕುತ್ತಾರೆ. ಎದೆನೋವು, ಏದುಸಿರು ಇದ್ದರೆ ಅದಕ್ಕೂ ಮೊದಲೇ. ಒಂದು ಬ್ಯಾಗಿಗೆ ಸುಮಾರು 1 ಗ್ರಾಂ, ಅಂದರೆ ವರದಿಯ ಒಂದು ಅಂಕ, ಏರುತ್ತದೆ. ಮೊದಲ 15 ನಿಮಿಷ ಪಕ್ಕದಿಂದ ಕದಲಬೇಡಿ. ಚಳಿ ನಡುಕ, ಸೊಂಟನೋವು, ಉಸಿರುಗಟ್ಟುವಿಕೆ, ಕೆಂಪು ಮೂತ್ರ, ಮೈಮೇಲೆ ಗಂದೆ ಕಂಡರೆ ಕೂಡಲೇ ನರ್ಸ್‌ ಅವರನ್ನು ಕೂಗಿ. ಮೊದಲು ನಿಲ್ಲಿಸಬೇಕಾದದ್ದು ರಕ್ತ. ವಯಸ್ಸಾದವರಿಗೆ ಬೇಗ ಮುಗಿಯಲೆಂದು ವೇಗ ಹೆಚ್ಚಿಸಲು ಹೇಳಬೇಡಿ, ಹೃದಯ ತಾಳುವುದಿಲ್ಲ. ಹಾಗೆಂದು ಒಂದು ಬ್ಯಾಗು ನಾಲ್ಕು ಗಂಟೆ ದಾಟಲೂಬಾರದು.

ನಮ್ಮಲ್ಲಿ ‘ನನ್ನ ರಕ್ತವನ್ನೇ ಅಣ್ಣನಿಗೆ ಹಾಕಿ’ ಎಂದು ಒಡಹುಟ್ಟಿದವರು ಪ್ರೀತಿಯಿಂದ ತೋಳು ಚಾಚುತ್ತಾರೆ. ರಕ್ತ ಕೊಡಿ, ಬ್ಲಡ್ ಬ್ಯಾಂಕಿಗೆ ಕೊಡಿ, ಆದರೆ ಅದೇ ಬ್ಯಾಗನ್ನು ಒಡಹುಟ್ಟಿದವರಿಗೆ ನೇರವಾಗಿ ಹಾಕಲು ಒತ್ತಾಯಿಸಬೇಡಿ. ರಕ್ತಸಂಬಂಧಿಯ ಬಿಳಿ ಕಣಗಳನ್ನು ರೋಗಿಯ ದೇಹ ಪರಕೀಯವೆಂದು ಗುರುತಿಸದೆ ಬಿಟ್ಟರೆ ಅವು ಬೇರೂರಿ ರೋಗಿಯ ಮೇಲೆಯೇ ತಿರುಗಿಬೀಳಬಲ್ಲವು. ಅಪರೂಪ, ಆದರೆ ಹೆಚ್ಚು ಕಡಿಮೆ ಪ್ರಾಣಾಂತಿಕ. ಸಂಬಂಧಿಕರ ರಕ್ತವನ್ನು ಹಾಕಲೇಬೇಕಾದರೆ ವಿಕಿರಣ ಹಾಯಿಸಿಯೇ ಹಾಕಬೇಕು. ಹಾಡ್ಜ್‌ಕಿನ್ ಲಿಂಫೋಮಾ ಇರುವವರಿಗೆ, ಫ್ಲುಡಾರಬಿನ್ ಎಂಬ ಕೀಮೋ ಔಷಧಿ ಪಡೆದವರಿಗೆ, ಮಜ್ಜೆಯ ಕಸಿ ಆದವರಿಗೆ ಯಾರ ರಕ್ತವಾದರೂ ಹಾಗೆಯೇ. ಮುಂದೆ ಕಸಿಗೆ ದಾನಿಯಾಗಬಹುದಾದ ತಮ್ಮನೋ ತಂಗಿಯೋ ಈಗ ಅದೇ ರೋಗಿಗೆ ರಕ್ತ ಕೊಡಲೇಬಾರದು.

ಹಾಕಿಸಿದ ಎರಡು ವಾರಕ್ಕೇ ಮತ್ತೆ ಇಳಿದರೆ ಮೇಲಿನ ಪಟ್ಟಿಯನ್ನು ಮೊದಲಿನಿಂದ ನೋಡಬೇಕು: ಸೋರಿಕೆಯೇ, ಒಡೆತವೇ, ಮಜ್ಜೆಯೇ? ಪ್ರತಿ ಬ್ಯಾಗಿನಲ್ಲೂ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಹತ್ತಿಪ್ಪತ್ತು ಬ್ಯಾಗ್ ದಾಟಿದವರು ಕಬ್ಬಿಣದ ಮಾತ್ರೆ ಮುಂದುವರಿಸಬೇಕೇ ಎಂದು ಕೇಳಿ, ಫೆರಿಟಿನ್ ನೋಡಿಸಿಕೊಳ್ಳಲಿ. ಎಷ್ಟನೆಯ ತಾರೀಖು, ಎಷ್ಟು ಬ್ಯಾಗು, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವೈದ್ಯರಿಗೆ ಹತ್ತು ಬಿಡಿ ವರದಿಗಳಿಗಿಂತ ಆ ಒಂದು ಪುಟ ಹೆಚ್ಚು ಹೇಳುತ್ತದೆ.

ಗುಣವಾಗುವ ಹಂತ ದಾಟಿದವರ ಮನೆಯಲ್ಲಿ ಆ ಪುಟಕ್ಕೆ ಇನ್ನೊಂದು ಸಾಲು ಸೇರಿಸಿ: ರಕ್ತ ಹಾಕಿಸಿದ ಮರುದಿನ ಅವರು ಎದ್ದು ಕೂತರೇ, ಮೊಮ್ಮಗುವಿನ ಜೊತೆ ಮಾತಾಡಿದರೇ, ಎರಡು ತುತ್ತು ಹೆಚ್ಚು ಉಂಡರೇ? ಹೌದಾದರೆ ಮುಂದಿನ ಬ್ಯಾಗಿಗೆ ಅರ್ಥವಿದೆ. ಅಂಕಿ ಏರಿ ಅವರು ಮಾತ್ರ ಹಾಗೆಯೇ ಮಲಗಿದ್ದರೆ, ಆಸ್ಪತ್ರೆಯ ಓಡಾಟ ಮತ್ತು ಸೂಜಿ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ, ಅದಕ್ಕೂ ಮೊದಲು ಅವರನ್ನೇ ಕೇಳಿ.